ಗೇಟಿನೊಳಗಿನ ಹೊಲ

ನಾನು ಬಸ್ ಕಂಡಕ್ಟರ್. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ, ಇಷ್ಟೇ ನನ್ನ ಓಡಾಟ. ದಿನವೆಲ್ಲ ಜನರನ್ನು ಹತ್ತಿಸುತ್ತೇನೆ, ಇಳಿಸುತ್ತೇನೆ, ಬಾಗಿಲಲ್ಲಿ ಜೋತು ಬಿದ್ದವರನ್ನು ಒಳಗೆ ಹೋಗಿ ಎಂದು ಗದರುತ್ತೇನೆ. ಇಂಥ ನಾನು ನಮ್ಮ ಸ್ವಂತ ಹೊಲಕ್ಕೆ ಹೋಗಬೇಕಾದರೆ ಲೇಔಟಿನ ಗೇಟಿನಲ್ಲಿ ನಿಂತು ಹೆಸರು, ಫೋನ್ ನಂಬರು, ಯಾರನ್ನು ನೋಡಬೇಕು ಎಂಬುದನ್ನೆಲ್ಲ ಬರೆದುಕೊಡಬೇಕು. ‘ಯಾರನ್ನು ನೋಡಬೇಕು’ ಎಂಬಲ್ಲಿ ಅಪ್ಪ ಬದುಕಿದ್ದಾಗ ‘ರಾಗಿ’ ಎಂದು ಬರೆಯುತ್ತಿದ್ದ. ಒಮ್ಮೊಮ್ಮೆ ‘ಅವರೆ’. ಈಗ ಆ ಜಾಗದಲ್ಲಿ ನಾನು ‘ಅಪ್ಪ’ ಎಂದು ಬರೆಯುತ್ತೇನೆ.

ಅಪ್ಪ ಹುಟ್ಟಿದ್ದೇ ಆ ಹೊಲದಲ್ಲಿ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ. ಅಜ್ಜಿ ಕಳೆ ಕೀಳುತ್ತಿದ್ದಾಗ ನೋವು ಬಂದು ಹೊಂಗೆ ಮರದ ಕೆಳಗೆ ಹೆತ್ತಳಂತೆ. ಆಮೇಲೆ ಅವನು ಆ ಹೊಲ ಬಿಟ್ಟು ಎಲ್ಲಿಗೂ ಹೋದವನಲ್ಲ. ರಾಗಿ ಬಿತ್ತುವುದು, ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಒಂದಿಷ್ಟು ಹರಳು ಹಾಕುವುದು, ಕುಂಟೆ ಹೊಡೆಯುವುದು, ಕೊಯ್ದು ಬಡಿಯುವುದು, ಇಷ್ಟು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ನೆಂಟರ ಮದುವೆಯಲ್ಲಿ ಎಲೆ ಮುಂದೆ ಕೂತಾಗಲೂ ಛತ್ರದ ಕಿಟಕಿಯಿಂದ ಮೋಡ ನೋಡುತ್ತಿದ್ದ. ಪಾಯಸ ಬಡಿಸುವವನು ಎರಡು ಸಲ ಕೂಗಬೇಕಾಗುತ್ತಿತ್ತು. ‘ಇವ್ರನ್ನ ಕಟ್ಕೊಂಡಿದ್ದಕ್ಕೆ ನಾನು ಒಂದ್ಸಲಾನೂ ಮದ್ವೆ ಮನೇಲಿ ತಾಂಬೂಲ ತಗೊಂಡು ಬಂದೋಳಲ್ಲ’ ಎಂದು ಅವ್ವ ಬೈಯುತ್ತಿದ್ದಳು. ತಾಂಬೂಲ ಕೊಡುವ ಹೊತ್ತಿಗೆ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದ.

ಹೊಲಕ್ಕೆ ಹೋಗುವ ದಾರಿ ಪಕ್ಕದ ಹೊಲದವರ ಬದುವಿನ ಮೇಲಿತ್ತು. ಎತ್ತಿನ ಗಾಡಿ, ಆಮೇಲೆ ಟ್ರ್ಯಾಕ್ಟರು ಹೋಗುವಷ್ಟು ಅಗಲದ ಬದು. ಅಜ್ಜಂದಿರ ಕಾಲದಲ್ಲಿ ಆದ ಮಾತು ಅದು: ನಮ್ಮ ಗಾಡಿ ಅವರ ಬದುವಿನ ಮೇಲೆ, ಅವರ ನೀರು ನಮ್ಮ ಕಾಲುವೆಯಲ್ಲಿ. ನಮ್ಮ ಕಡೆ ಇಂಥದ್ದನ್ನು ಯಾರೂ ಬರೆಸುತ್ತಿರಲಿಲ್ಲ. ಬರೆಸೋಣ ಎಂದು ಬಾಯಿಬಿಟ್ಟರೆ, ನನ್ನ ಮೇಲೆ ನಂಬಿಕೆ ಇಲ್ಲವೇನೋ ಎಂದು ಎದುರಿನವನು ಮುಖ ಸಿಂಡರಿಸುತ್ತಿದ್ದ. ಆಮೇಲೆ ಅವರ ಮನೆಯ ಊಟಕ್ಕೂ ಕರೆ ಇರುತ್ತಿರಲಿಲ್ಲ.

ಪಕ್ಕದ ಹೊಲದವರನ್ನು ಅಪ್ಪ ಭಾವ ಎಂದು ಕರೆಯುತ್ತಿದ್ದ. ರಕ್ತಸಂಬಂಧವೇನಿಲ್ಲ, ಬದು ಹಂಚಿಕೊಂಡ ಸಂಬಂಧ. ಅವರ ಮಕ್ಕಳು ಪಾಲಿಗೆ ಪಟ್ಟು ಹಿಡಿದಾಗ ಭಾವ ಹೊಲವನ್ನು ಒಂದು ಲೇಔಟ್ ಮಾಡುವ ಕಂಪನಿಗೆ ಮಾರಿದರು. ಸಾಕ್ಷಿ ಹಾಕಲು ಬಾ ಎಂದು ಅಪ್ಪನನ್ನೇ ಕರೆದುಕೊಂಡು ಹೋದರು. ಅಪ್ಪ ಒಗೆದ ಪಂಚೆ ಉಟ್ಟು, ಮದುವೆಗೆ ಹೊರಟವನಂತೆ ದೊಡ್ಡಬಳ್ಳಾಪುರದ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ರುಜು ಹಾಕಿ, ಹೋಟೆಲಿನಲ್ಲಿ ಖಾಲಿ ದೋಸೆ ತಿಂದು ಬಂದ. ನನಗೆ ಮೈಸೂರುಪಾಕಿನ ಪೊಟ್ಟಣ ತಂದಿದ್ದ.

‘ದಾರಿ ವಿಷ್ಯ ಬರೆಸಿದ್ರಾ?’ ಎಂದೆ.

‘ದಾರಿ ಯಾರಾದ್ರೂ ಮಾರ್ತಾರೇನವ್ವಾ? ಮಾರಿದ್ದು ಹೊಲ’ ಎಂದ ಅಪ್ಪ.

ಭಾವನವರೂ ಹಾಗೇ ಅಂದುಕೊಂಡಿದ್ದರು. ಹೊಲ ಮಾರಿದರೂ ದಾರಿ ಇದ್ದಲ್ಲೇ ಇರುತ್ತದೆ, ಅದನ್ನು ಕಾಗದದಲ್ಲಿ ಯಾಕೆ ಹೇಳಬೇಕು ಎಂದು. ಇಬ್ಬರೂ ಮುದುಕರು ಸೇರಿ, ದೋಸೆ ತಿಂದು, ನಮ್ಮ ದಾರಿಗೆ ಮಣ್ಣು ಹಾಕಿದ್ದರು. ಅಪ್ಪನ ರುಜು ಆ ಕ್ರಯಪತ್ರದ ಕೊನೆಯ ಹಾಳೆಯಲ್ಲಿ ಇವತ್ತಿಗೂ ಇದೆ. ನಮ್ಮ ಲಾಯರು ಅದನ್ನು ನೋಡಿದಾಗ ಒಂದು ನಿಮಿಷ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಜೆಸಿಬಿ ಬಂತು. ಬೆಳಿಗ್ಗೆ ಇದ್ದ ಬದು ಸಂಜೆಗೆ ಎಲ್ಲಿತ್ತು ಎಂದು ಗುರುತು ಹಿಡಿಯಲು ಆಗಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಆಚೀಚೆಯ ಹೊಲಗಳೂ ಅದೇ ಕಂಪನಿಗೆ ಹೋಗಿ, ನಮ್ಮ ಹೊಲದ ಮೂರು ಕಡೆ ಲೇಔಟಿನ ಗೋಡೆ. ಹಿಂದೆ ಮೊದಲೇ ಎದ್ದಿದ್ದ ಒಂದು ಗೋದಾಮಿನ ಗೋಡೆ. ಒಳಗೆ ಹೋಗಲು ಲೇಔಟಿನ ದೊಡ್ಡ ಗೇಟು ದಾಟಿ, ಅವರ ರಸ್ತೆಯಲ್ಲಿ ನಡೆದು, ಕೊನೆಯ ಮನೆಯ ಪಕ್ಕದ ಒಂದು ಕಬ್ಬಿಣದ ಸಣ್ಣ ಬಾಗಿಲು ನೂಕಬೇಕು. ಸರ್ವೆಯವನು ಬಂದು ಹಳೆಯ ನಕಾಶೆ ಬಿಚ್ಚಿ, ‘ಇದ್ರಲ್ಲಿ ದಾರಿ ಇಲ್ವಲ್ಲ ಯಜಮಾನ್ರೇ’ ಎಂದ. ‘ಅದ್ರಲ್ಲಿ ಇಲ್ಲ, ನೆಲದ ಮೇಲೆ ಇತ್ತು’ ಎಂದ ಅಪ್ಪ. ಭಾವನವರು ಬಂದು ಅಳುತ್ತಾ ಸಾಕ್ಷಿ ಹೇಳಿದರು. ಕೇಸು ಹಾಕಿದೆವು. ಅದು ಇನ್ನೂ ನಡೆಯುತ್ತಿದೆ, ಅಂದರೆ ಮುಂದಕ್ಕೆ ಹೋಗುತ್ತಿದೆ.

ಕೇಸು ಮುಗಿಯುವ ತನಕ ಎಂದು ಲೇಔಟಿನವರು ದಯೆ ತೋರಿಸಿದರು. ಕಾಲ್ನಡಿಗೆಯಲ್ಲಿ ಹೋಗಬಹುದು. ಬೆಳಕಿರುವಾಗ ಮಾತ್ರ. ದನ ಹೊಡೆದುಕೊಂಡು ಹೋಗುವಂತಿಲ್ಲ, ಟ್ರ್ಯಾಕ್ಟರು ತರುವಂತಿಲ್ಲ, ಗೊಬ್ಬರದ ಮಾತೇ ಬೇಡ. ಅಪ್ಪ ತಲೆ ಮೇಲೆ ಬೀಜದ ಚೀಲ ಹೊತ್ತು ಹೋದ, ಸನಿಕೆ ಹಿಡಿದು ಅಗೆದ. ಎರಡು ಎಕರೆ ಹೊಲವನ್ನು ಸನಿಕೆಯಲ್ಲಿ ಅಗೆಯುವುದನ್ನು ಕಂಡು ನನ್ನ ಗಂಡನಿಗೆ ತಡೆಯಲಾಗಲಿಲ್ಲ. ಅವನು ಜಡಿಗೇನಹಳ್ಳಿ ಕಡೆಯವನು, ನಮ್ಮನೆಗೆ ಮನೆಯಳಿಯನಾಗಿ ಬಂದವನು, ಟೆಂಪೋ ಓಡಿಸುತ್ತಾನೆ. ಒಂದು ಹಳೆಯ ಟಿಲ್ಲರ್ ಕೊಂಡು, ಅದನ್ನು ಬಿಚ್ಚಿ, ಒಂದೊಂದು ಭಾಗವನ್ನು ಗೋಣಿಚೀಲದಲ್ಲಿ ಸುತ್ತಿ ದಿನಕ್ಕಿಷ್ಟರಂತೆ ಒಳಗೆ ಸಾಗಿಸಿದ. ಅತ್ತ ಅಪ್ಪ ಹೊಂಗೆ ಮರದ ಕೆಳಗೆ ಕೂತು ಜೋಡಿಸಿದ. ಅದು ಗುರ್ ಎಂದು ಸ್ಟಾರ್ಟ್ ಆದ ದಿನ ಲೇಔಟಿನ ಎಲ್ಲ ಬಾಲ್ಕನಿಗಳಲ್ಲೂ ಜನ. ಇದು ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ. ನಾವು ನಕ್ಕು ನಕ್ಕು ಸುಸ್ತಾದೆವು. ಆದರೆ ಅದು ಹೊರಗೆ ಬರಲೂ ಆಗದು. ಕೆಟ್ಟರೆ ಮೆಕ್ಯಾನಿಕ್ಕನ್ನೇ ಒಳಗೆ ಕರೆದೊಯ್ಯಬೇಕು.

ರಾಗಿ ಬೆಳೆದರೂ ಹುಲ್ಲು ಹೊರಗೆ ತರಲು ಬಿಡಲಿಲ್ಲ. ರಸ್ತೆಯಲ್ಲಿ ಉದುರುತ್ತದೆ, ಗಲೀಜಾಗುತ್ತದೆ ಎಂದರು. ಮೆದೆ ಒಳಗೇ ಕೊಳೆಯಿತು. ಮನೆಯಲ್ಲಿ ಹಸುಗಳಿಗೆ ಹಾಕಲು ಹುಲ್ಲಿಲ್ಲ. ಒಂದೊಂದಾಗಿ ಎರಡನ್ನೂ ಕೊಟ್ಟುಬಿಟ್ಟೆವು. ಹಸು ಹೋದ ದಿನ ಅವ್ವ ಊಟ ಮಾಡಲಿಲ್ಲ. ಅಪ್ಪ ಮಾಡಿದ. ‘ನಾಳೆ ಅಗೀಬೇಕಲ್ಲ’ ಎಂದ.

ಇನ್ನೂ ಒಂದು ಹೊಟ್ಟೆ ಉರಿಸುವ ಸಂಗತಿ ಇದೆ. ಆ ಲೇಔಟಿನ ಜಾಹೀರಾತನ್ನು ನನ್ನ ಬಸ್ಸಿನ ಹಿಂಭಾಗಕ್ಕೇ ಅಂಟಿಸಿದ್ದರು. ದೊಡ್ಡ ಮನೆ, ಅದರ ಕಿಟಕಿ, ಕಿಟಕಿಯಾಚೆ ಹಸಿರು ಹೊಲ, ಹೊಲದಲ್ಲಿ ಬಗ್ಗಿ ನಿಂತ ಒಬ್ಬ ಮುದುಕ. ಫಾರ್ಮ್ ವ್ಯೂ ಮನೆಗಳು ಎಂದು ಬರೆದಿತ್ತು. ಕೇಳಿದೆ: ನಮ್ಮ ಹೊಲದ ಕಡೆ ಮುಖವಿರುವ ಮನೆಗಳಿಗೆ ಬೆಲೆ ಹೆಚ್ಚಂತೆ. ಗೊಬ್ಬರ ವಾಸನೆ, ಹುಲ್ಲು ಗಲೀಜು, ದನ ಬೇಡ. ಹೊಲ ಬೇಕು, ಮುದುಕ ಬೇಕು, ದೂರದಿಂದ. ಅಪ್ಪನಿಗೆ ಹೇಳಿದೆ. ಅವನು ಯೋಚನೆ ಮಾಡಿ, ‘ಹಂಗಾದ್ರೆ ನಾಳೆಯಿಂದ ಒಳ್ಳೆ ಅಂಗಿ ಹಾಕ್ಕೊಂಡು ಹೋಗ್ಬೇಕು’ ಎಂದ.

ಮಾರಿಬಿಡಪ್ಪ ಎಂದು ನಾನೇ ಎಷ್ಟೋ ಸಲ ಹೇಳಿದೆ. ಲೇಔಟಿನವರು ಕೇಳುತ್ತಲೇ ಇದ್ದರು. ಅಪ್ಪ ಮಾರಲಿಲ್ಲ. ನಮ್ಮ ಕಡೆ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತೇವೆ. ನಮ್ಮ ಹೊಲದ ಮೂಲೆಯಲ್ಲಿ ಮುತ್ತಜ್ಜ, ಅಜ್ಜ, ಅಜ್ಜಿ, ಹುಟ್ಟಿದ ಮೂರನೇ ದಿನ ಹೋದ ನನ್ನ ತಮ್ಮ, ಎಲ್ಲರೂ ಸಾಲಾಗಿ ಇದ್ದಾರೆ. ಅಜ್ಜನ ಗುಡ್ಡೆಯ ಪಕ್ಕದ ಜಾಗದಲ್ಲಿ ಅಪ್ಪ ಎಂದೂ ಏನನ್ನೂ ಬಿತ್ತುತ್ತಿರಲಿಲ್ಲ. ಅದು ಯಾರ ಜಾಗ ಎಂದು ನಮಗೆಲ್ಲ ಗೊತ್ತಿತ್ತು.

ಆಮೇಲೆ ದೊಡ್ಡಪ್ಪ ತೀರಿಕೊಂಡರು. ಅಪ್ಪನ ಒಬ್ಬನೇ ಅಣ್ಣ, ಊರಲ್ಲೇ ಇದ್ದವರು. ಚಟ್ಟ ಹೊತ್ತುಕೊಂಡು, ತಮಟೆ ಬಡಿಸಿಕೊಂಡು ಲೇಔಟಿನ ಗೇಟಿನ ತನಕ ಹೋದೆವು. ಗೇಟು ತೆಗೆಯಲಿಲ್ಲ. ಅಲ್ಲಿನ ನಿವಾಸಿಗಳ ಸಂಘದ ಸೆಕ್ರೆಟರಿ ಓಡುತ್ತಾ ಬಂದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ, ಕೈ ಮುಗಿದೇ ಮಾತಾಡಿದರು.

‘ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಒಳಗೆ ಚಿಕ್ಕ ಮಕ್ಕಳು ಸೈಕಲ್ ಹೊಡೀತಿದಾರೆ. ಬಾಡಿ ಒಳಗೆ ಬಿಡೋಕೆ ಯಾರೂ ಒಪ್ಪಲ್ಲ.’

‘ನಿಮ್ಮನೇಲಿ ಯಾರೂ ಸಾಯಲ್ವಾ?’ ಎಂದೆ.

‘ಸತ್ರೆ ನಾವು ಹೊರಗೆ ತಗೊಂಡು ಹೋಗ್ತೀವಿ ಮೇಡಂ. ಒಳಗೆ ತರಲ್ಲ.’

ನಾನು ಬಾಯಿಗೆ ಬಂದಂತೆ ಬೈದೆ. ನನ್ನ ಗಂಡ ಗೇಟು ಅಲ್ಲಾಡಿಸಿದ. ಪೊಲೀಸರಿಗೆ ಫೋನು ಹೋಯಿತು. ಚಟ್ಟ ಹೊತ್ತವರ ಹೆಗಲು ನೋಯುತ್ತಿತ್ತು, ಬಿಸಿಲು ಏರಿತ್ತು. ಹೊರಟ ಚಟ್ಟವನ್ನು ಹಿಂದಕ್ಕೆ ತಿರುಗಿಸಬಾರದು ಎನ್ನುತ್ತಾರೆ. ಕೊನೆಗೆ ಅಪ್ಪನೇ, ‘ತಿರುಗಿಸ್ರಪ್ಪಾ’ ಎಂದ. ದೊಡ್ಡಪ್ಪನನ್ನು ಕೆರೆ ಪಕ್ಕದ ಸ್ಮಶಾನದಲ್ಲಿ, ಲಂಟಾನ ಸವರಿ, ಗೊತ್ತಿಲ್ಲದವರ ನಡುವೆ ಮಣ್ಣು ಮಾಡಿದೆವು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ.

ಅವತ್ತು ಸಾಯಂಕಾಲ ಅಪ್ಪ ಜಗಲಿಯ ಮೇಲೆ ಕೂತಿದ್ದ. ಆಮೇಲೆ ಯಾವುದೋ ಲೆಕ್ಕ ಸರಿಹೋದವನಂತೆ ಹೇಳಿದ: ‘ನಡ್ಕೊಂಡು ಹೋಗೋರ್ನ ಬಿಡ್ತಾರೆ. ಹೊತ್ಕೊಂಡು ಹೋಗೋದನ್ನ ಬಿಡಲ್ಲ. ಅಷ್ಟೇ ತಾನೆ?’

‘ನಿನ್ನನ್ನ ನಾನು ಗೇಟು ಮುರ್ದಾದ್ರೂ ಒಯ್ತೀನಿ’ ಎಂದೆ.

‘ನೀನು ಒಯ್ತೀಯ ಕಣವ್ವ. ಗಲಾಟೆ ಆಗುತ್ತೆ, ಪೊಲೀಸ್ನೋರು ಬರ್ತಾರೆ, ನಾನು ರಸ್ತೇಲಿ ಬಿದ್ದಿರ್ತೀನಿ. ನಂಗದು ಬೇಡ.’

ಅಪ್ಪನಿಗೆ ಉಬ್ಬಸ ಶುರುವಾದದ್ದು ಅದಾದ ಮುಂದಿನ ವರ್ಷ. ಗುದ್ದಲಿ ಎತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು, ಕಾಲು ಊದಿಕೊಳ್ಳುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಹೃದಯ ದುರ್ಬಲವಾಗಿದೆ, ಬೆಂಗಳೂರಿಗೆ ಕರೆದೊಯ್ದು ಅಡ್ಮಿಟ್ ಮಾಡಿ, ಚಿಕಿತ್ಸೆ ಇದೆ, ಆದರೆ ಗ್ಯಾರಂಟಿ ಕೊಡಲಾರೆ ಎಂದರು. ಅಪ್ಪನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಪಕ್ಕದ ಸೀಟಿನಲ್ಲಿ ಕೂತು ಅವನು ಒಂದೇ ಪ್ರಶ್ನೆ ಕೇಳಿದ.

‘ಆಸ್ಪತ್ರೇಲೇ ಹೋಗ್ಬಿಟ್ರೆ?’

ನನಗೆ ಅರ್ಥವಾಯಿತು. ಆಸ್ಪತ್ರೆಯಲ್ಲಿ ಸತ್ತರೆ ಹೊತ್ತುಕೊಂಡು ಬರಬೇಕು. ಹೊತ್ತುಕೊಂಡು ಬಂದರೆ ಗೇಟು.

ಮಾರನೆಯ ದಿನ ಬೆಳಿಗ್ಗೆ ಅವನು ಕಂಬಳಿ, ಒಂದು ಜೊತೆ ಬಟ್ಟೆ, ಮಾತ್ರೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಹೊಲದಲ್ಲಿ ಬೋರ್‌ವೆಲ್ಲಿನ ಪಕ್ಕ ಶೀಟು ಹೊದಿಸಿದ ಮೋಟಾರು ಮನೆ ಇದೆ. ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. ಇನ್ನು ನಾನು ಅಲ್ಲೇ ಇರುತ್ತೇನೆ ಎಂದ. ನಾನು ಬಾಗಿಲಿಗೆ ಅಡ್ಡ ನಿಂತೆ. ನಮ್ಮನೆಯಲ್ಲಿ ಅವತ್ತು ಆದಂಥ ಜಗಳ ಎಂದೂ ಆಗಿರಲಿಲ್ಲ.

‘ಸಾಯೋ ಜಾಗಕ್ಕೋಸ್ಕರ ಬದ್ಕೋದನ್ನ ಬಿಡ್ತೀಯಾ? ನಿಂಗೆ ತಲೆ ಕೆಟ್ಟಿದ್ಯಾ?’ ಎಂದು ಕೂಗಿದೆ.

‘ಅಡ್ಮಿಟ್ ಆದ್ರೆ ಬದುಕ್ತೀನಿ ಅಂತ ಬರ್ಕೊಡ್ತಾರಾ? ಇಲ್ಲ ತಾನೆ? ಬರ್ಕೊಡದೇ ಇರೋದನ್ನ ನಂಬಿ ಒಂದ್ಸಲ ಕೆಟ್ಟೆ. ಸಾಕು.’

ಅವ್ವನ ಕಡೆ ನೋಡಿದೆ, ನೀನಾದರೂ ಹೇಳು ಎಂದು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ‘ಮಜ್ಜಿಗೆ ಇಟ್ಕೊಂಡ್ರಾ?’ ಎಂದು ಅಪ್ಪನನ್ನು ಕೇಳಿದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ನನಗೆ ಇಬ್ಬರ ಮೇಲೂ ಎಷ್ಟು ಸಿಟ್ಟು ಬಂತೆಂದರೆ, ಡ್ಯೂಟಿಯಲ್ಲಿ ಅವತ್ತು ಚಿಲ್ಲರೆ ಕೇಳಿದವರೊಡನೆಲ್ಲ ಜಗಳವಾಡಿದೆ. ಒಳಗೊಳಗೇ ಅಳುತ್ತಿದ್ದೆ. ಅಪ್ಪನನ್ನು ಉಳಿಸಿಕೊಳ್ಳಲು ಒಂದು ದಾರಿ ಇತ್ತು, ಆ ದಾರಿ ಹಿಡಿಯದಂತೆ ಯಾರದೋ ಗೇಟು ತಡೆಯುತ್ತಿತ್ತು.

ಗೇಟಿನ ಸೆಕ್ಯುರಿಟಿ ರಾಯಚೂರು ಕಡೆಯವನು. ಬೆಳಕಿರುವಾಗ ಒಳಗೆ ಹೋದವರು ಕತ್ತಲಾಗುವ ಮುಂಚೆ ಹೊರಗೆ ಬರಬೇಕು, ಅದು ಅವನಿಗೆ ಕೊಟ್ಟ ಆಜ್ಞೆ. ‘ಅಜ್ಜಾರು ಹೊರಗ ಬಂದಿಲ್ರೀ, ನನ್ ನೌಕ್ರಿ ಹೋಗ್ತೈತ್ರೀ’ ಎಂದು ನನಗೆ ಫೋನ್ ಮಾಡಿದ. ಮಾರನೆಯ ದಿನ ಸೆಕ್ರೆಟರಿಯೇ ವಾಕಿಂಗ್ ಶೂ ಹಾಕಿಕೊಂಡು ಹೊಲಕ್ಕೆ ಬಂದರು. ಅವ್ವ ಅಲ್ಲೇ ಇದ್ದಳು, ಆಮೇಲೆ ನನಗೆ ಹೇಳಿದಳು.

‘ಅಂಕಲ್, ನೀವು ಒಳಗೆ ಹೀಗೆ ಇರೋ ಹಾಗಿಲ್ಲ’ ಎಂದರಂತೆ.

‘ನಾನು ನಿಮ್ಮೊಳಗೆ ಎಲ್ಲಿದ್ದೀನಪ್ಪಾ? ನೀವೇ ನನ್ನ ಸುತ್ತ ಇದ್ದೀರ’ ಎಂದು ಅಪ್ಪ ಅವರ ಕೈಗೆ ಒಂದು ಹಿಡಿ ಎಳೆ ಅವರೆಕಾಯಿ ಹಾಕಿದನಂತೆ. ಅವರು ಏನು ಮಾಡಬೇಕೆಂದು ತಿಳಿಯದೆ ತೆಗೆದುಕೊಂಡು ಹೋದರಂತೆ. ಒಳಗೆ ಬರುವುದಕ್ಕೆ, ಹೊರಗೆ ಹೋಗುವುದಕ್ಕೆ ಅವರ ಬಳಿ ನಿಯಮ ಇತ್ತು. ಬರದೆ ಹೋಗದೆ ಇರುವವನಿಗೆ ಇರಲಿಲ್ಲ.

ಆ ಮಾಗಿಯೆಲ್ಲ ಅಪ್ಪ ಅಲ್ಲೇ ಇದ್ದ. ಅವ್ವ ಬೆಳಿಗ್ಗೆ ಮುದ್ದೆ, ಉಪ್ಪೆಸರು ತೆಗೆದುಕೊಂಡು ಹೋಗಿ ಇಳಿಹೊತ್ತಿನ ತನಕ ಇರುತ್ತಿದ್ದಳು. ರಜೆಯ ದಿನ ನಾನು ಹೋಗುತ್ತಿದ್ದೆ. ಅವನು ಕೂತಲ್ಲೇ ತೆವಳುತ್ತಾ ಅವರೆ ಸಾಲಿನ ಕಳೆ ಕೀಳುತ್ತಿದ್ದ, ಎರಡು ಗಿಡಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದ. ಗೋಡೆಗಳ ನಡುವೆ ಹೊಲದಷ್ಟೇ ಅಗಲದ ಆಕಾಶ ಮಾತ್ರ ಕಾಣುತ್ತಿತ್ತು. ಮಾಕಳಿದುರ್ಗದ ಬೆಟ್ಟ ಕಾಣುತ್ತಿದ್ದ ಕಡೆ ಈಗ ಯಾರದೋ ನೀರಿನ ಟ್ಯಾಂಕು. ಬಾಲ್ಕನಿಯಿಂದ ಯಾರಾದರೂ ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ‘ಜೈಲಿನಲ್ಲಿ ಇದ್ದ ಹಾಗಿದೆಯಪ್ಪ’ ಎಂದೆ ಒಂದು ದಿನ. ‘ಜೈಲಾದ್ರೂ ನಂದೇ ಅಲ್ವಾ’ ಎಂದ. ಅದು ತಮಾಷೆಯಾಗಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

ಹೋಗಿದ್ದು ಒಂದು ಬೆಳಿಗ್ಗೆ. ಅವ್ವ ಹೋದಾಗ ಎಚ್ಚರವಿದ್ದನಂತೆ, ಎರಡು ಗುಟುಕು ಅಂಬಲಿ ಕುಡಿದನಂತೆ, ಆಮೇಲೆ ಅವಳ ತೊಡೆಗೆ ಒರಗಿದವನು ಏಳಲಿಲ್ಲ. ನಾನು ಯಲಹಂಕದಲ್ಲಿದ್ದೆ. ಟಿಕೆಟ್ ಮಷೀನು ಒಪ್ಪಿಸಿ ಓಡಿ ಬಂದೆ. ರಾಯಚೂರಿನ ಹುಡುಗ ನನ್ನಿಂದ ಏನನ್ನೂ ಬರೆಸಿಕೊಳ್ಳದೆ ಗೇಟನ್ನು ಪೂರ್ತಿ ತೆಗೆದು ನಿಂತ.

ಸಂಘದವರು ತಡೆಯಲು ದಾರಿಯಿರಲಿಲ್ಲ. ಹೆಣ ಒಳಗೆ ಬರಲಿಲ್ಲ, ಒಳಗೇ ಇತ್ತು. ಗುಂಡಿ ತೋಡುವವರು ಕೂಲಿಯವರಂತೆ ನಡೆದುಕೊಂಡು ಬಂದರು. ಊರಿನವರು ಸ್ವಲ್ಪ ಸ್ವಲ್ಪ ಜನವಾಗಿ ಬರಲಿ, ತಮಟೆ ಬೇಡ ಎಂದು ಸಂಘದವರು ಹೇಳಿದರು, ಹಾಗೇ ಆಗಲಿ ಎಂದೆವು. ಭಾವನವರು ಕೋಲೂರಿಕೊಂಡು ಬಂದು ಮೊದಲ ಹಿಡಿ ಮಣ್ಣು ಹಾಕಿದರು. ಅಜ್ಜನ ಪಕ್ಕದಲ್ಲಿ ಅಪ್ಪನನ್ನು ಮಲಗಿಸಿದೆವು. ತಮಟೆಯಿಲ್ಲದ ಮಣ್ಣು ಅದೇ ಮೊದಲು ನೋಡಿದ್ದು, ಗುದ್ದಲಿಯ ಸದ್ದು ಮಾತ್ರ. ಮೂರನೇ ದಿನ ಹಾಲುತುಪ್ಪ ಬಿಟ್ಟೆವು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಳುವಿನ ನಡುವೆಯೂ ನನಗೆ ಗೆದ್ದೆವು ಅನ್ನಿಸಿತು. ಮುದುಕ ಅಷ್ಟು ಜನರನ್ನೂ ಸೋಲಿಸಿದ ಎಂದು ಗಂಡನ ಹತ್ತಿರ ಹೇಳಿಕೊಂಡು ನಕ್ಕೆ.

ಗೆದ್ದಿದ್ದು ಎಷ್ಟು ಎಂದು ಆಮೇಲೆ ಗೊತ್ತಾಯಿತು. ಈಗ ಆ ಹೊಲವನ್ನು ಮಾರುವ ಮಾತೇ ಇಲ್ಲ, ಅಪ್ಪ ಅಲ್ಲಿದ್ದಾನೆ. ಬೇಸಾಯ ಮಾಡುವುದಕ್ಕೂ ಆಗದು, ಟಿಲ್ಲರ್ ಕೆಟ್ಟು ನಿಂತಿದೆ, ಸನಿಕೆ ಹಿಡಿಯುವವರಿಲ್ಲ. ದೂರದ ಡಿಪೋಗೆ ಒಳ್ಳೆಯ ಡ್ಯೂಟಿ ಸಿಕ್ಕಿತ್ತು, ಬೇಡ ಎಂದೆ. ಅವ್ವ ದಿನಾ ಬೆಳಿಗ್ಗೆ ಹೋಗಿ ಗುಡ್ಡೆಗೆ ಒಂದು ಚೊಂಬು ನೀರು ಹಾಕಿ ಬರುತ್ತಾಳೆ. ಹೆಸರು ಬರೆಯಲು ಬರುವುದಿಲ್ಲ, ಗೇಟಿನ ಹುಡುಗನೇ ಬರೆದುಕೊಳ್ಳುತ್ತಾನೆ.

ಮೊನ್ನೆ ನಾನು ಡ್ಯೂಟಿಗೆ ಹೊರಡುವಾಗ ಅವಳು ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

‘ಒಂದ್ ಮಾತು ಕೇಳ್ತೀನಿ, ಸಿಟ್ಟಾಗ್ಬೇಡ’ ಎಂದಳು.

‘ಕೇಳವ್ವ.’

‘ನಿಮ್ಮಪ್ಪಂಗೆ ಡಾಕ್ಟ್ರು ಹೇಳಿದ್ರು. ಗೊತ್ತಾಯ್ತು, ಎದ್ದು ಹೋದ್ರು. ನಂಗೆ ಹೆಂಗೆ ಗೊತ್ತಾಗುತ್ತೆ? ಕಾಲು ಆಡ್ತಿರೋವಾಗ್ಲೇ ಹೋಗ್ಬಿಡ್ಬೇಕಲ್ಲ ಗೇಟೊಳಕ್ಕೆ.’

ನಾನು ಹೆಗಲಿಗೆ ಹಾಕಿಕೊಂಡಿದ್ದ ಚೀಲವನ್ನು ಕೆಳಗಿಳಿಸಿದೆ.

‘ನೀನೇ ನೋಡ್ತಾ ಇದ್ದು ಹೇಳ್ಬಿಡು ಮಗಾ. ನಾಳೆ ಹೋಗು ಅಂದ್ರೆ ನಾಳೇನೇ ಹೋಗ್ತೀನಿ.’

ಚೀಲ ಮತ್ತೆ ಹೆಗಲಿಗೇರಿಸಿ, ಡ್ಯೂಟಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಅಂದಿನಿಂದ ಅವಳು ಹೊಸಲು ದಾಟುವಾಗಲೆಲ್ಲ ನನ್ನ ಕಣ್ಣು ಅವಳ ಕಾಲಿನ ಮೇಲೆ. ಮೆಟ್ಟಿಲಲ್ಲಿ ಸ್ವಲ್ಪ ತಡವರಿಸಿದರೂ ಹಿಡಿಯಲು ಮುಂದಾಗುತ್ತೇನೆ. ಅವಳಿಗೆ ಅದು ಗೊತ್ತಾಗುತ್ತದೆ. ಗೋಡೆ ಹಿಡಿದುಕೊಂಡು ನನ್ನ ಕಡೆ ತಿರುಗಿ, ‘ಇನ್ನೂ ಇಲ್ವಾ?’ ಎಂದು ಕೇಳುತ್ತಾಳೆ.

‘ಇನ್ನೂ ಇಲ್ಲವ್ವ’ ಎನ್ನುತ್ತೇನೆ.